ತಲೆಕೆಳಗಾದ ಮದುಮಗ ಮತ್ತು ಒಂದು ಪ್ರೊಜೆಕ್ಟರ್

ಹೆದರಿಕೆ ಒಬ್ಬೊಬ್ಬರದು ಒಂದೊಂದು ಬಗೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಬಾಗಿಲು ತುಂಬುವಂಥ ಆಳು, ಹಲ್ಲಿ ಕಂಡರೆ ಬೆಂಚು ಹತ್ತುತ್ತಾರೆ. ನನಗೆ ಹಲ್ಲಿ, ಹಾವು, ಇನ್ಸ್‌ಪೆಕ್ಟರು ಯಾರ ಭಯವೂ ಅಷ್ಟಿಲ್ಲ. ನನ್ನ ಭಯವೆಲ್ಲ ಯಂತ್ರಗಳ ಮೈಮೇಲಿರುವ ಗುಂಡಿಗಳದ್ದು. ಕಚ್ಚುವ ನಾಯಿಯಾದರೂ ಮೊದಲು ಗುರ್ ಎಂದು ಸೂಚನೆ ಕೊಡುತ್ತದೆ. ಗುಂಡಿ ಸಾಧುವಿನಂತೆ ಕೂತಿರುತ್ತದೆ, ಒತ್ತಿದ ಮೇಲೆ ತನ್ನ ಬುದ್ಧಿ ತೋರಿಸುತ್ತದೆ. ಒತ್ತುವ ಗುಂಡಿಗೂ ಬೀಳುವ ಗುಂಡಿಗೂ ಕನ್ನಡದಲ್ಲಿ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನಿಗೆ ಪ್ರೊಜೆಕ್ಟರಿನ ರಿಮೋಟು ಕನಸಿನಲ್ಲಿ ಬಂದಿರಬೇಕು. ಅದರಲ್ಲೂ 'ಅಡ್ವಾನ್ಸ್ಡ್' ಎಂಬ ಮಾತು ಕಣ್ಣಿಗೆ ಬಿದ್ದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಕಾರಣವಿದೆ, ಹೇಳುತ್ತೇನೆ.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಮನೆ ತುಮಕೂರು. ಒಂದು ವರ್ಷ ಮೇಷ್ಟ್ರುಗಳಿಗೊಂದು ತರಬೇತಿ ನಡೆದಾಗ ನಾನು ಹೇಗೋ ಪ್ರೊಜೆಕ್ಟರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಭಾಷಣ ಮುಗಿದಾಗ ಭಾಷಣಕಾರರು, "ಸ್ವಲ್ಪ ಅದನ್ನ ಆಫ್ ಮಾಡ್ತೀರಾ ಸಾರ್" ಎಂದರು. ಮಾಡಿದೆ. ಅದು ಆಫ್ ಆಯಿತು. ನನ್ನ ಯಾಂತ್ರಿಕ ಜೀವನದಲ್ಲಿ ಇಂಥ ದಿನಗಳು ಕಡಿಮೆಯಾದ್ದರಿಂದ ಮನೆಗೆ ಬಂದು ಹೆಂಡತಿ ಶಮೀಮಳಿಗೆ ಕೊಂಚ ಒಗ್ಗರಣೆ ಹಾಕಿ ಹೇಳಿದೆ. ಶಮೀಮ್ ಕುಣಿಗಲ್ಲಿನ ತನ್ನ ತವರಿಗೆ ಫೋನಿನಲ್ಲಿ ಹೇಳಿದಳು. ಸುದ್ದಿ ಕುಣಿಗಲ್ ತಲುಪುವ ಹೊತ್ತಿಗೆ ನಾನು ಇಡೀ ಜಿಲ್ಲೆಗೆ ಪ್ರೊಜೆಕ್ಟರ್ ಕಲಿಸುವವನಾಗಿದ್ದೆ.

ಅದೇ ಸಮಯಕ್ಕೆ ಶಮೀಮಳ ಅಣ್ಣ ಅಫ್ಜಲ್ ಭಾಯ್ ಮಗಳ ಮದುವೆ ಗೊತ್ತಾಯಿತು. ಕುಣಿಗಲ್ಲಿನಲ್ಲಿ ಅವರದು ಟ್ರಂಕಿನ ಅಂಗಡಿ. ದಿನವಿಡೀ ತಗಡು ಬಡಿಯುವ ಸದ್ದಿನಲ್ಲೇ ಮಾತಾಡಿ ಅಭ್ಯಾಸವಾದ್ದರಿಂದ ಅವರು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತದೆ. ಮನೆಗೆ ಬಂದು ತಂಗಿಯ ಗಂಡನಾದ ನನಗೆ ಹೇಳಿದರು: "ದೂಲ್ಹಾಭಾಯ್, ನಮ್ಮ ಅಮ್ಮಿ ಇಲ್ಲೀವರೆಗೆ ಒಂದು ನಿಕಾಹನ್ನೂ ಕಣ್ಣಲ್ಲಿ ನೋಡಿಲ್ಲ. ತನ್ನದನ್ನೂ ಸೇರಿಸಿ."

ಅದು ನಿಜ. ನಮ್ಮ ಮದುವೆಗಳಲ್ಲಿ ಕಾಜಿಗಳು ಮದುಮಗನ ಕೈ ಹಿಡಿದು ನಿಕಾಹ್ ಓದಿಸುವುದು ಗಂಡಸರ ಕಡೆ. ಹೆಂಗಸರು ಪರದೆಯ ಆಚೆ ಕೂತು ಲೌಡ್‌ಸ್ಪೀಕರಿನಲ್ಲಿ ಕೇಳುತ್ತಾರೆ. ಅಮ್ಮಿ ತನ್ನ ಮಕ್ಕಳೆಲ್ಲರ ನಿಕಾಹನ್ನೂ ಹೀಗೆ ಕಿವಿಯಲ್ಲೇ ಮುಗಿಸಿದ್ದಳು. ಈಗ ಮಂಡಿ ಕೆಟ್ಟು ಕುರ್ಚಿಯಲ್ಲಿ ಕೂತವಳು. ಕಣ್ಣೂ ಮಂಜು, ಟಿವಿಯಷ್ಟು ಅಗಲದಲ್ಲಿ ಮುಖಗಳು ಗುರುತು ಸಿಗುವುದಿಲ್ಲ. ಗೋಡೆಯಷ್ಟು ದೊಡ್ಡದಾಗಿ ತೋರಿಸಿದರೆ ಕಾಣುತ್ತದೆ, ತೋರಿಸಬೇಕಾದವನು ನಾನು ಎಂಬುದು ಅಫ್ಜಲ್ ಭಾಯ್ ಯೋಚನೆ. ಆಸೆ ಒಳ್ಳೆಯದು. ಆದರೆ ಅಮ್ಮಿ ಎಂದರೆ ನಾನು ಇಷ್ಟು ವರ್ಷ ಅಳಿಯನಾಗಿಯೂ ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂರದ ಹೆಂಗಸು. ಆಕೆ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಆ ಮಂಜುಗಣ್ಣಿಗೆ ನನ್ನ ತಪ್ಪುಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ.

ತುಮಕೂರಿನಲ್ಲಿ ಒಂದು ಅಂಗಡಿಯಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಸಿಕ್ಕಿತು. ಅಂಗಡಿಯವನು ಅದನ್ನು ಎಳೆಮಗುವಿನಂತೆ ಎತ್ತಿ ಕೊಡುತ್ತ, "ಲ್ಯಾಂಪ್ ಬಿಸಿ ಇರೋವಾಗ ಅಲ್ಲಾಡಿಸ್ಬೇಡಿ ಸಾರ್, ಢಂ ಅಂದ್ಬಿಡ್ತದೆ. ಕರೆಂಟ್ ಹೋಗದಂಗೆ ನೋಡ್ಕೊಳ್ಳಿ. ಇನ್ನೊಂದ್ ಮಾತು, ಮೆನು ಒಳಗೆ ಅಡ್ವಾನ್ಸ್ಡ್ ಅಂತ ಇರ್ತದೆ, ಅಲ್ಲಿಗೆ ಮಾತ್ರ ಹೋಗ್ಬೇಡಿ" ಎಂದ. ಹೋದರೆ ಏನಾಗುತ್ತದೆ ಎಂದು ಕೇಳಿದೆ. ಅವನು ಬೇರೆ ಗಿರಾಕಿಯ ಕಡೆ ತಿರುಗಿಕೊಂಡ. ಕುಣಿಗಲ್ಲಿಗೆ ಹೋಗುವಾಗ ಗೂಳೂರಿನಿಂದ ಮುಂದೆ ಬಸ್ಸು ಹಳ್ಳಕ್ಕಿಳಿದಾಗಲೆಲ್ಲ ನಾನು ತೊಡೆಯ ಮೇಲಿನ ಬ್ಯಾಗನ್ನು ಎತ್ತಿ ಹಿಡಿಯುತ್ತಿದ್ದೆ. ಕಿಟಕಿ ಪಕ್ಕದ ಅಜ್ಜ, "ಮೊಟ್ಟೆ ತಗಂಡ್ ಓಯ್ತಿದೀರಾ?" ಎಂದು ಕೇಳಿದರು.

ಮದುವೆ ಹಾಲಿನಲ್ಲಿ ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಒಂದು ದೊಡ್ಡ ಬಿಳಿ ಬಟ್ಟೆಯ ಪರದೆ ಕಟ್ಟಿದ್ದರು. ನಾನು ಹೆಂಗಸರ ಕಡೆ ಹೋಗುವಂತಿಲ್ಲ. ಹಾಗಾಗಿ ಗಂಡಸರ ಕಡೆಯಿಂದಲೇ ಬೆಳಕು ಬಿಡುವುದು, ಅದೇ ಬಟ್ಟೆಯ ಮೇಲೆ ಆಚೆ ಕಡೆಯವರು ನೋಡುವುದು ಎಂದು ನಿಶ್ಚಯವಾಯಿತು. ಇದು ನನ್ನದೇ ಐಡಿಯಾ ಎಂದು ಮೂರ್ನಾಲ್ಕು ಜನರಿಗೆ ಹೇಳಿಯೂ ಬಿಟ್ಟಿದ್ದೆ. ವಿಡಿಯೋ ತೆಗೆಯಲು ಬಂದಿದ್ದ ಯಡಿಯೂರಿನ ಸಿದ್ದಲಿಂಗಣ್ಣ ಕ್ಯಾಮೆರಾದಿಂದ ಒಂದು ವೈರು ಎಳೆದು ಪ್ರೊಜೆಕ್ಟರಿಗೆ ಚುಚ್ಚಿದ. ಬಟ್ಟೆಯ ಮೇಲೆ ವೇದಿಕೆ, ಕಾಜಿಗಳು, ಮದುಮಗ ಎಲ್ಲರೂ ಬಂದರು. ನನ್ನ ಕಡೆಯಿಂದ ನೋಡಿದರೆ ಅಚ್ಚುಕಟ್ಟಾಗಿತ್ತು. ಎದೆಯುಬ್ಬಿಸಿ ನಿಂತೆ.

ಪರದೆಯ ಆಚೆಯಿಂದ ಶಮೀಮಳ ದನಿ ಬಂತು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಕುಣಿಗಲ್ಲಿನ ಬೀದಿ ನಲ್ಲಿಯ ಹತ್ತಿರ ಜಗಳ ಕಲಿತವಳಾದ್ದರಿಂದ ಸಿಟ್ಟು ಬಂದರೆ ಆಕೆಗೆ ಕನ್ನಡವೇ ಬಾಯಿಗೆ ಬರುವುದು. ಈಗ ಕನ್ನಡ ಬಂತು.

"ರೀ, ಏನ್ರೀ ಇದು? ಕಾಜಿಗಳು ಎಡಗೈಲಿ ಬರೀತಿದಾರೆ! ಹುಡುಗ ಎಡಗೈಲಿ ಸಲಾಂ ಮಾಡ್ತಿದಾನೆ! ಬ್ಯಾನರ್ ಮೇಲಿನ ಅಕ್ಷರ ಎಲ್ಲಾ ಉಲ್ಟಾ!"

ಆಗ ಹೊಳೆಯಿತು. ಬಟ್ಟೆಯ ಹಿಂದಿನಿಂದ ನೋಡುವವರಿಗೆ ಎಡ ಬಲವಾಗುತ್ತದೆ. ನಮ್ಮವರಲ್ಲಿ ಎಡಗೈಯಲ್ಲಿ ಊಟ, ಎಡಗೈಯಲ್ಲಿ ಸಲಾಂ ಎಂದರೆ ಎಷ್ಟು ಕೆಟ್ಟದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಸಿದ್ದಲಿಂಗಣ್ಣ ಹತ್ತಿರ ಬಂದು, "ಅದಕ್ಕೇನೋ ಸೆಟ್ಟಿಂಗ್ ಇರ್ತದೆ ಸಾ. ಅಡ್ವಾನ್ಸ್ಡ್ ಒಳಗೆ" ಎಂದ.

ವೇದಿಕೆಯ ಮೇಲೆ ಕಾಜಿಗಳು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಫ್ಜಲ್ ಭಾಯ್ ನನ್ನನ್ನು ನೋಡುತ್ತಿದ್ದರು. ಮೆನು ತೆಗೆದೆ, ಒಳಗೆ ಹೋದೆ. 'ಪ್ರೊಜೆಕ್ಷನ್' ಎಂಬ ಸಾಲು ಸಿಕ್ಕಿತು, ಅದರೊಳಗೆ ನಾಲ್ಕು ಬಗೆ. ಎರಡನೆಯದು 'ರಿಯರ್'; ಅದೇ ಬೇಕಾದದ್ದು ಎಂದು ಗೊತ್ತಾಯಿತು. ಆದರೆ ಅವಸರದಲ್ಲಿ ಬಾಣದ ಗುಂಡಿಯನ್ನು ಎಷ್ಟು ಸಲ ಒತ್ತಿದೆನೋ, ಕೊನೆಯದಕ್ಕೆ ಹೋಗಿ ನಿಂತಿತು. ಅದು ಪ್ರೊಜೆಕ್ಟರನ್ನು ಪರದೆಯ ಹಿಂದೆ ಚಾವಣಿಗೆ ತಲೆಕೆಳಗಾಗಿ ನೇತುಹಾಕುವವರಿಗಂತೆ. ಮರುಗಳಿಗೆ ಮದುಮಗ ತಲೆ ಕೆಳಗಾಗಿ ನಿಂತ. ಮುಖದ ಮೇಲೆ ಇಳಿಬಿಟ್ಟಿದ್ದ ಹೂವಿನ ಸೆಹ್ರಾ ಆಕಾಶಕ್ಕೆ ಬೆಳೆಯಿತು. ಆಚೆಯಿಂದ ಹೆಂಗಸರೆಲ್ಲ ಒಟ್ಟಿಗೆ "ಹಾಯ್ ಅಲ್ಲಾಹ್" ಎಂದರು.

"ಮದ್ವೆಗಂಡು ತಲೆಕೆಳ್ಗಾಗವ್ನಲ್ಲ ಸಾ!" ಎಂದ ಸಿದ್ದಲಿಂಗಣ್ಣ, ನನಗೆ ಕಾಣುತ್ತಿಲ್ಲವೇನೋ ಎಂಬಂತೆ.

ಮೆನುವಿನ ಅಕ್ಷರಗಳೂ ನನ್ನ ಕಡೆಗೆ ತಲೆಕೆಳಗಾಗಿ, ಹಿಂದುಮುಂದಾಗಿಯೂ ಇದ್ದದ್ದರಿಂದ ನನಗೆ ಒಂದೂ ಓದಲಾಗಲಿಲ್ಲ. ಗಾಬರಿಯಲ್ಲಿ ಸಿಕ್ಕಸಿಕ್ಕ ಗುಂಡಿ ಒತ್ತಿದೆ. ಎಲ್ಲಿಂದ ಎಲ್ಲಿಗೆ ಹೋದೆನೋ, ಮೆನು ಚೀನೀ ಭಾಷೆಗೆ ತಿರುಗಿತು. ಅಲ್ಲಿಗೆ ರಿಮೋಟಿನಿಂದ ಬೆರಳೆತ್ತಿದೆ. ಇದನ್ನು ಆರಿಸಿಬಿಡೋಣವೆಂದರೆ ಬಿಸಿ ಲ್ಯಾಂಪು ಢಂ ಎನ್ನುವುದೋ ಎಂಬ ಭಯ; ಬಿಡೋಣವೆಂದರೆ ಆಚೆ ಅಮ್ಮಿ. ಅಫ್ಜಲ್ ಭಾಯ್ ಬಂದು ನನ್ನ ಕಿವಿಯಲ್ಲಿ ಗುಟ್ಟಾಗಿ, ಎಂದರೆ ಹಾಲಿಗೆಲ್ಲ ಕೇಳುವಂತೆ, "ದೂಲ್ಹಾಭಾಯ್, ಅಮ್ಮಿ ಬೆಳಗ್ಗೆಯಿಂದ ಕನ್ನಡಕ ಒರೆಸಿಕೊಂಡು ಕೂತವ್ಳೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

"ಶಮೀಮ್," ಪರದೆಗೆ ಬಾಯಿಟ್ಟು ಕೇಳಿದೆ, "ನಿನ್ನ ಕಡೆ ಏನ್ ಕಾಣ್ತಿದೆ? ಇಂಗ್ಲಿಷ್ ಇದ್ಯಾ?"

"ಎಲ್ಲಿ ಇಂಗ್ಲಿಷು? ಎಲ್ಲಾ ತಲೆಕೆಳಗೆ. ಒಂದು ಬಾಚಣಿಗೆ ತರ ಇದೆ, ಒಂದು ಏಣಿ ತರ ಇದೆ. ಕೆಳಗೆ ಇನ್ನೇನೇನೋ ಗೀಚಿದಾರೆ." ಆಮೇಲೆ ಅವಳ ದನಿ ಬದಲಾಯಿತು. "ರೀ, ತಡೀರಿ. ಅಮ್ಮಿ ಏನೋ ಓದ್ತಿದಾಳೆ."

ನನಗೆ ನಂಬಿಕೆಯಾಗಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ತೆರೆಯ ಮೇಲೆ ನಿಂತಿದ್ದದ್ದು ಭಾಷೆಗಳ ಪಟ್ಟಿಯ ಕೊನೆಯ ಪುಟ, ಇಂಗ್ಲಿಷ್ ಹಿಂದಿನ ಪುಟದಲ್ಲಿ ಉಳಿದಿತ್ತು. ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿತ್ತು, ಕೊನೆಯಲ್ಲಿ ಅರಬ್ಬಿ. ಅಮ್ಮಿ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕುರಾನ್ ಓದುವುದನ್ನು ಕಲಿಸಿದವಳು. ಮಗು ಎದುರಿಗೆ ಕೂರುತ್ತದೆ, ಪುಸ್ತಕ ಮಗುವಿನ ಕಡೆಗೆ ತಿರುಗಿರುತ್ತದೆ, ಕಲಿಸುವವಳು ಓದುವುದು ಯಾವಾಗಲೂ ತಲೆಕೆಳಗಾಗಿಯೇ. ಗೋಡೆಯಷ್ಟು ದಪ್ಪ ಅಕ್ಷರ, ಅದೂ ತನಗೆ ಅಭ್ಯಾಸವಾದ ದಿಕ್ಕಿನಿಂದ. ಇಡೀ ಹಾಲಿನಲ್ಲಿ ಆ ಮೆನು ಸರಿಯಾಗಿ ಕಾಣುತ್ತಿದ್ದದ್ದು ಅಮ್ಮಿಗೊಬ್ಬಳಿಗೇ.

"ಅರಬ್ಬಿ ಇದೆಯಂತೆ ರೀ. ಒತ್ತಿ. ಇನ್ನೊಂದ್ಸಲ. ಹಾಂ, ಈಗ ಓಕೆ ಒತ್ತಿ!"

ಮೆನು ಅರಬ್ಬಿಗೆ ತಿರುಗಿತು. ಅಮ್ಮಿ ಒಂದೊಂದೇ ಸಾಲನ್ನು ಪಾಠ ಹೇಳುವ ದನಿಯಲ್ಲಿ ಓದತೊಡಗಿದಳು. ಆಮೇಲೆ ಒಂದು ಕಡೆ ಥಟ್ಟನೆ ನಿಂತಳು. ಆಚೆ ಹೆಂಗಸರು ಗುಜುಗುಜು ಎಂದರು. ಯಾರೋ "ತೌಬಾ ತೌಬಾ" ಎಂದರು.

"ಏನಾಯ್ತು?" ಎಂದೆ.

ಶಮೀಮ್ ದನಿ ತಗ್ಗಿಸಿದಳು. "ಇಸ್ಕಾತ್ ಅಂತ ಬರೆದಿದೆಯಂತೆ ರೀ. ಮದುವೆ ಮನೇಲಿ ಎಂಥ ಮಾತು! ಆರಿಸ್ಬಿಡಿ ಅದನ್ನ ಅಂತಿದಾರೆ ಎಲ್ಲಾ."

ನಮ್ಮ ಉರ್ದುವಿನಲ್ಲಿ ಇಸ್ಕಾತ್ ಎಂದರೆ ಬಸಿರು ಬಿದ್ದುಹೋಗುವುದು. ಇನ್ನೇನು ನಿಕಾಹ್ ಆಗುವ ಹುಡುಗಿಯ ಎದುರಿಗೆ, ಗೋಡೆಯಗಲ ಅಕ್ಷರದಲ್ಲಿ, ನಾನು ತಂದ ಯಂತ್ರ ಆ ಮಾತನ್ನು ತೋರಿಸಿತ್ತು. ಮುಂದೆ ಆ ಮನೆಯಲ್ಲಿ ಏನು ಕೆಟ್ಟದಾದರೂ ನನ್ನ ಹೆಸರೇ. ಓಡಿಹೋದರೆ ತುಮಕೂರಿನ ಬಸ್ಸು ಸಿಗುತ್ತದೆಯೇ ಎಂದೂ ಯೋಚಿಸಿದೆ. ಆದರೆ ಕನ್ನಡ ಮೇಷ್ಟ್ರ ತಲೆ ಹೆದರಿದಾಗಲೂ ಪದದ ಬುಡ ಕೆದಕುವುದನ್ನು ಬಿಡುವುದಿಲ್ಲ. ಬೀಳುವುದು. ಬೀಳಿಸುವುದು. ತೆರೆಯ ಮೇಲೆ ಬೆಳಕು ಬೀಳಿಸುವುದು. ಪ್ರೊಜೆಕ್ಷನ್!

"ಅದೇ! ಅದೇ ಬೇಕು! ಅದನ್ನೇ ತೆಗೀಬೇಕು!" ಎಂದು ಕೂಗಿಬಿಟ್ಟೆ. ಕಾಜಿಗಳು ಪೆನ್ನು ಕೆಳಗಿಟ್ಟರು.

ಅರಬ್ಬಿಯಲ್ಲಿ ಆ ಮಾತು ಬೆಳಕು ಬೀಳಿಸುವುದಕ್ಕೂ ಇರಬೇಕು ಎಂದು ನಾನು ತಡಬಡಿಸಿ ಹೇಳಿದ್ದನ್ನು ಪರದೆಯಾಚೆ ಶಮೀಮ್ ಅಮ್ಮಿಗೆ ತಿಳಿಸಿದಳು. ಆಮೇಲೆ ಅಮ್ಮಿಯ ದನಿಯೇ ಕೇಳಿತು. ಉರ್ದುವಿನಲ್ಲಿ, ಗಟ್ಟಿಯಾಗಿ: "ಮಾತಿಗೆ ಹೆದರಿ ಕೂತರೆ ನಿಕಾಹ್ ನೋಡುವುದು ಯಾವಾಗ? ಒತ್ತು ಅನ್ನು ಅವನಿಗೆ."

ಒತ್ತಿದೆ. ನಾಲ್ಕು ಬಗೆಯನ್ನೂ ಒಂದೊಂದಾಗಿ ಹಾಕಿಸಿದರು. ಒಂದರಲ್ಲಿ ಮದುಮಗ ನೇರ ನಿಂತ, ಆದರೆ ಆಚೆಯವರಿಗೆ ಅವನ ಕೈಗಡಿಯಾರ ಬಲಗೈಯಲ್ಲಿ ಕಂಡಿತಂತೆ. ಇನ್ನೊಂದರಲ್ಲಿ ಮತ್ತೆ ತಲೆಕೆಳಗಾದ. ನನ್ನ ಕಡೆ ಬ್ಯಾನರಿನ ಅಕ್ಷರಗಳೆಲ್ಲ ಹಿಂದುಮುಂದಾಗಿ ಕಂಡಾಗ ಆಚೆಯಿಂದ "ಬಸ್, ಬಸ್, ಸರಿಯಾಯ್ತು! ಮುಟ್ಟಬೇಡಿ!" ಎಂದು ಹೆಂಗಸರೆಲ್ಲ ಕೂಗಿದರು. ರಿಮೋಟನ್ನು ಕೆಳಗಿಟ್ಟು ಎರಡು ಹೆಜ್ಜೆ ದೂರ ಸರಿದೆ.

ಕಾಜಿಗಳು ಶುರು ಮಾಡಿದರು. ಹುಡುಗ ಸೆಹ್ರಾ ಸರಿಸಿ "ಕುಬೂಲ್" ಎಂದು ಒಪ್ಪಿದ. ದುವಾ ಮುಗಿಯುವ ಹೊತ್ತಿಗೆ ಬಟ್ಟೆ ಅಲುಗಿತು. ಅದನ್ನು ಕಟ್ಟಿದ್ದ ಸ್ಟ್ಯಾಂಡು ಸಮೇತ ಬೀಳುತ್ತದೆ ಎಂದುಕೊಂಡೆ. ಬೀಳಲಿಲ್ಲ. ಅಮ್ಮಿಯ ಕುರ್ಚಿಯನ್ನು ಪರದೆಯ ಬುಡಕ್ಕೆ ತಳ್ಳಿದ್ದರು. ಆಚೆಯಿಂದ ಎರಡು ಅಂಗೈಗಳು ಮದುಮಗನ ದೊಡ್ಡ ಕೆನ್ನೆಯ ಮೇಲೆ ಒತ್ತಿಕೊಂಡದ್ದು ಈಚೆಗೆ ಕಂಡಿತು. ಬೆರಳುಗಳು ಕೆನ್ನೆ ಸವರಿ ಹಿಂದೆ ಸರಿದವು, ಆಮೇಲೆ ದೃಷ್ಟಿ ತೆಗೆದು ನೆಟಿಕೆ ಮುರಿದ ಲಟಲಟ ಸದ್ದು. ಅಫ್ಜಲ್ ಭಾಯ್ ನನ್ನ ಪಕ್ಕ ನಿಂತಿದ್ದರು. ಏನೋ ಹೇಳಲು ಹೋದರು, ದನಿಯೇ ಹೊರಡಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಗೆದ್ದಂತೆ. ಆದರೆ ಸಿದ್ದಲಿಂಗಣ್ಣ, "ಮೇಷ್ಟ್ರು ಕಷ್ಟಪಟ್ಟವ್ರೆ, ಅವ್ರದ್ದೂ ಒಂದ್ ಶಾಟ್ ಇರ್ಲಿ" ಎಂದು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿಬಿಟ್ಟ. ಕಣ್ಣು ಮುಚ್ಚಿ, ಟೋಪಿ ಕಿವಿಗೆ ಜಾರಿ, ಕರೆಂಟು ಹೋಗದಿರಲಿ ಎಂದು ತುಟಿ ಕುಣಿಸುತ್ತಿದ್ದ ನನ್ನ ಮುಖ ಗೋಡೆಯಷ್ಟಾಗಿ ಹೆಂಗಸರೆದುರು ನಿಂತಿತು. ನಗು ಕೇಳಿ ಕಣ್ಣು ಬಿಟ್ಟೆ. ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರದಿಂದ ನನ್ನ ಪುಕ್ಕಲುತನವನ್ನು ನಾನೂ ಮೊದಲು ನೋಡಿರಲಿಲ್ಲ.

ಮರಳುವ ಬಸ್ಸಿನಲ್ಲಿ ಶಮೀಮ್ ತನ್ನಷ್ಟಕ್ಕೆ ನಗುತ್ತಿದ್ದಳು. ಯಾಕೆ ಎಂದೆ.

"ಅಮ್ಮಿ ಏನಂದ್ಲು ಗೊತ್ತಾ? ನಿನ್ನ ನಿಕಾಹ್ ದಿನವೂ ಈ ಮೆಷಿನ್ ಇದ್ದಿದ್ರೆ, ಇವನ ಮುಖ ನೋಡಿ ಅಲ್ಲೇ ಬೇಡ ಅಂತಿದ್ದೆ ಅಂದ್ಲು."

"ನೀನೇನಂದೆ?"

"ನಾನೇನ್ ಅನ್ನಲಿ? ನಮ್ಮಲ್ಲಿ ಮೊದ್ಲು ಹೆಣ್ಣಿನ ಹತ್ರ ಬಂದು ತಾನೇ ಒಪ್ಪಿಗೆ ಕೇಳೋದು. ಕೇಳಿದೋರು ನಿಮ್ಮ ಹತ್ರ ಬರೋ ಹೊತ್ತಿಗೆ ನಾನು ಹೂಂ ಅಂದಾಗಿತ್ತು. ನೋಡದೇನೇ."

ನೋಡಿದ್ದರೂ ಹೂಂ ಅನ್ನುತ್ತಿದ್ದೆಯಾ ಎಂದು ಕೇಳಬೇಕೆನ್ನಿಸಿತು. ಉತ್ತರಕ್ಕೆ ಹೆದರಿ, ಕಂಡಕ್ಟರ್ ಚಿಲ್ಲರೆ ಸರಿಯಾಗಿ ಕೊಟ್ಟನೇ ಎಂದು ಕೇಳಿದೆ.