ಧೂಳಪ್ಪನ ಮುಂಜಿ

ಇದು ನಡೆದದ್ದೇ ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ರೊಟ್ಟಿಗೆ ಚಟ್ನಿ ಸಿಗದಿರಲಿ. ಚಟ್ನಿ ಇಲ್ಲದೆ ನಾನು ಎರಡು ದಿನ ಬದುಕುವವನಲ್ಲ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಅರವತ್ತಮೂರನೇ ಇಸವಿ. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕದ ಬಾಡಿಗೆ ಖೋಲಿಯಲ್ಲಿ ಧೂಳಪ್ಪನೆಂಬ ಮೂವತ್ತೊಂದರ ಬ್ರಹ್ಮಚಾರಿ ಇದ್ದ. ಎಣ್ಣೆ ಗಾಣದಲ್ಲಿ ಕೆಲಸ. ಕಳ್ಳಕವಟಗಿಯ ಬಸಗೊಂಡಪ್ಪನ ಮಗಳು ಮಾಳವ್ವನನ್ನು ಟಿಕೋಟಾ ಸಂತೆಯಲ್ಲಿ ಕಂಡಂದಿನಿಂದ ಅವನಿಗೆ ಗಾಣದ ಎತ್ತು ಕೂಡ ನಕ್ಕಂತೆ ಕಾಣುತ್ತಿತ್ತು. ಮದುವೆಯ ಮಾತೂ ಶುರುವಾಗಿತ್ತು. ಅಷ್ಟರಲ್ಲಿ ಹೇಳಿಕೊಳ್ಳಬಾರದ ಜಾಗದಲ್ಲಿ ತೊಗಲು ಬಿಗಿದು ಉರಿಯುತ್ತಿದ್ದ ಹಳೆಯ ಬಾಧೆ ಕೆರಳಿತು. ಡಾಕ್ಟರು ನೋಡಿದವರೇ, "ಮದುವಿಗಿಂತ ಮೊದಲ ಮುಂದಿನ ತೊಗಲು ತೆಗಸಿಬಿಡು" ಎಂದರು. ತೆಗೆಸಿದ. ಆರು ಹೊಲಿಗೆ ಬಿದ್ದವು.

ಈ ಕತೆ ಹನ್ನೆರಡನೆಯ ದಿನದ್ದು. ಗಾಯವೇನೋ ಮಾಯುತ್ತ ಬಂದಿತ್ತು. ಆದರೆ ಕಚ್ಚೆ ಧೋತರದ ಅಂಚು ತಾಗಿದರೆ ಸಾಕು, ಕೆಂಪು ಖಾರ ತಿಕ್ಕಿದವರಂತೆ ಧೂಳಪ್ಪ ಒಂಟಿ ಕಾಲಲ್ಲಿ ಕುಣಿಯುತ್ತಿದ್ದ. ಪಕ್ಕದ ಮನೆಯ ಗೆಳೆಯ ಮೆಹಬೂಬ ತನ್ನದೊಂದು ಲುಂಗಿ ಕೊಟ್ಟಿದ್ದ. ಗುಟ್ಟು ಬಲ್ಲವನು ಅವನೊಬ್ಬನೇ. ಆ ಲುಂಗಿಯನ್ನು ಮುಂದೆ ಎರಡು ಬೆರಳಿನಿಂದ ಎತ್ತಿ ಹಿಡಿದು, ಕಾಲು ಅಗಲಿಸಿ, ತುಂಬಿದ ತುಪ್ಪದ ಗಡಿಗೆ ಹೊತ್ತವನ ಹಾಗೆ ಧೂಳಪ್ಪ ಓಡಾಡುತ್ತಿದ್ದ.

ಅದು ಎದುರು ಮನೆಯ ಗುರುಬಾಯಿಯ ಕಣ್ಣಿಗೆ ಬಿತ್ತು.

"ಏನೋ ಧೂಳ್ಯಾ, ಬಾತುಕೋಳಿ ನಡದಂಗ ನಡ್ಯಾಕತ್ತಿ? ಏನಾಗೇತಿ?"

"ತೊಡಿಗೆ ಒಂದು ಕುರು ಎದ್ದೈತಿ ಬೇ ಯವ್ವಾ."

"ಅಷ್ಟ ಹೌದಿಲ್ಲೋ? ಉಳ್ಳಾಗಡ್ಡಿ ಸುಟ್ಟು ಬಿಸಿಬಿಸಿ ಕಟ್ಟಿದ್ರ ತಾಸಿನ್ಯಾಗ ಒಡೀತೈತಿ. ತೋರ್ಸು."

"ಬ್ಯಾಡ ಬೇ!"

"ನನ್ನ ಮುಂದ ಎಂಥಾ ನಾಚ್ಕಿಯೋ? ಎಂಟು ಹಡದಾಕಿ ನಾ!"

ಧೂಳಪ್ಪ ಒಳಗೆ ಓಡಿದ. ಓಡಿದ ಎಂದರೆ ತಪ್ಪಾಗುತ್ತದೆ, ತೇಲಿದ. ತೇಲಿ ಅಗಳಿ ಹಾಕಿಕೊಂಡ. ಗುರುಬಾಯಿ ಒಲೆಯ ಕೆಂಡಕ್ಕೆ ಉಳ್ಳಾಗಡ್ಡಿ ಹಾಕಲು ಹೋದಳು.

ತುಸು ಹೊತ್ತಿಗೆ ಯಾರೋ ಬಾಗಿಲು ಬಡಿದರು.

"ನಾ ಸತ್ತೇನಿ, ಹೋಗ ಬೇ!" ಎಂದು ಧೂಳಪ್ಪ ಒಳಗಿನಿಂದಲೇ ಕೂಗಿದ.

ಹೊರಗೆ ಗಂಡಸಿನ ಕೆಮ್ಮು ಕೇಳಿಸಿತು. "ನಾ ಬಸಗೊಂಡಪ್ಪರಿ, ಕಳ್ಳಕವಟಗಿಯಾಂವ. ಹುಡುಗನ್ನ ನೋಡ್ಕೊಂಡು ಹೋಗೂಣು ಅಂತ ಬಂದಿದ್ವಿ. ಸತ್ತಾನಂದ್ರ ಮುಂದಿನ ಬಸ್ಸಿಗೆ ಹೊಳ್ಳಿ ಹೋಗತೀವಿ."

ಧೂಳಪ್ಪ ಬಾಗಿಲು ತೆರೆದರೆ ಮಾವನಾಗಬೇಕಾದವನು ಒಬ್ಬನೇ ಅಲ್ಲ, ಜೊತೆಗೆ ಅವನ ಊರ ಹಿರಿಯ ಶಾಂತಪ್ಪ. ಈ ಶಾಂತಪ್ಪ ತಿಳಿಯದ ಸಂಗತಿಗಳನ್ನೇ ಹೆಚ್ಚು ಗಟ್ಟಿಯಾಗಿ ಹೇಳುವ ಮನುಷ್ಯ. ಸದ್ದು ಕೇಳಿ ಮೆಹಬೂಬ ಬಂದು ಕಂಬಳಿ ಹಾಸಿದ. ಹಿರಿಯರು ಕೂತರು.

"ಕುಂದರಪಾ," ಎಂದ ಶಾಂತಪ್ಪ.

"ಹಿರ್ಯಾರ ಮುಂದ ಕುಂದ್ರೂದು ಹೆಂಗ್ರಿ? ನಿಂತ ಇರ್ತೀನ್ರಿ."

"ಭೇಷ್! ನೋಡ ಬಸಗೊಂಡಾ, ಎಂಥಾ ಮರ್ಯಾದಿ!"

ಬಸಗೊಂಡಪ್ಪನ ಕಣ್ಣು ಧೂಳಪ್ಪನ ಎರಡು ಬೆರಳಿನ ಮೇಲೆಯೇ ಇತ್ತು.

ಆಗಲೇ ಗುರುಬಾಯಿ ಹೊಗೆಯಾಡುವ ಉಳ್ಳಾಗಡ್ಡಿಯನ್ನು ಚಿಮಟಿಗೆಯಲ್ಲಿ ಹಿಡಿದು ಒಳಗೆ ನುಗ್ಗಿದಳು. "ಎತ್ತೋ ಲುಂಗಿ! ಎಲ್ಲೈತಿ ಆ ಕುರು?"

ಶಾಂತಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. "ಕುರುನ? ಅದೂ ಅಲ್ಲಿ? ಏಳು ಬಸಗೊಂಡಾ. ಇದು ಪ್ಯಾಟಿ ಹುಡುಗರ ರೋಗ."

ಮಾಳವ್ವ ಟಿಕೋಟಾ ಬಸ್ಸು ಹತ್ತಿ ಧೂಳೆಬ್ಬಿಸಿಕೊಂಡು ಹೋದದ್ದು ಧೂಳಪ್ಪನ ಕಣ್ಣಿಗೆ ಕಟ್ಟಿತು. ಗೆಳೆಯನ ಗತಿ ನೋಡಲಾರದೆ ಮೆಹಬೂಬ ಅಡ್ಡ ಬಂದ.

"ತಡೀರಿ ಯಜಮಾನ್ರ, ರೋಗ ಗೀಗ ಏನಿಲ್ಲ. ಹನ್ನೆರಡು ದಿನದ ಹಿಂದ ಇವಗ ಮುಂಜಿ ಆಗೇತ್ರಿ, ಅಷ್ಟ."

ಮೆಹಬೂಬನ ಮನೆಯಲ್ಲಿ ಮುಂಜಿ ಎಂದರೆ ಒಂದು, ಭಟ್ಟರ ಓಣಿಯಲ್ಲಿ ಮುಂಜಿ ಎಂದರೆ ಇನ್ನೊಂದು. ಒಂದು ಕಡೆ ತೊಗಲು ಹೋಗುತ್ತದೆ, ಇನ್ನೊಂದು ಕಡೆ ಜನಿವಾರ ಬರುತ್ತದೆ. ಶಾಂತಪ್ಪನ ಕಿವಿ ಹೋದದ್ದು ಭಟ್ಟರ ಓಣಿಗೆ.

"ನಮ್ಮ ಮಂದ್ಯಾಗ ಮುಂಜಿ! ಏಳು ತಲಿಯಾಗ ಕಂಡಿಲ್ಲ! ಯಾರು ಮಾಡಿದ್ರೋ?"

"ಡಾಕ್ಟರ್ರಿ," ಎಂದ ಧೂಳಪ್ಪ.

"ಭಟ್ಟರ ಪೈಕಿ ಇರಬೇಕು. ದಾರ ಎಷ್ಟು ಎಳಿ ಹಾಕ್ಯಾರ?"

"ಆರು ಹಾಕಿದ್ರು. ನಾಕು ಕರಗ್ಯಾವು, ಎರಡು ಉಳದಾವು."

ಶಾಂತಪ್ಪನಿಗೆ ತಿಳಿಯಲಿಲ್ಲ ಎನ್ನಲು ನಾಚಿಕೆ. "ಹೂಂ, ಈಗ ಕರಗೂವು ಬಂದಾವು. ನೇಮ ಏನು ಹೇಳ್ಯಾರ?"

"ಒಂದೂವರಿ ತಿಂಗಳು ಬ್ರಹ್ಮಚರ್ಯ."

"ಆಹಾ! ಇಂಥಾ ಅಳಿಯ ಸಿಗತಾನೇನ ಬಸಗೊಂಡಾ? ಆದ್ರ ತಮ್ಮಾ, ಮುಂಜಿ ಆದಾಂವ ಲುಂಗಿ ಉಡಬಾರದು. ಲಂಗೋಟಿ ಕಟ್ಟಬೇಕು. ಉಸಿರು ನಿಲ್ಲೂವಂಗ ಬಿಗದು ಕಟ್ಟಬೇಕು. ಬಾ, ನಾನ ಕಟ್ಟತೀನಿ!" ಎಂದವನೇ ತಲೆಯ ರುಮಾಲು ಬಿಚ್ಚಿ, ಲುಂಗಿಯ ಮೇಲೆಯೇ ಒಂದು ಸುತ್ತು ಹಾಕಿ ಜಗ್ಗಿದ.

ಧೂಳಪ್ಪ ಹೊಡೆದ ಕೂಗಿಗೆ ಗೋಳಗುಮ್ಮಟ ತಾನಾಗಿಯೇ ಏಳು ಸಲ ಓಗೊಟ್ಟಿತಂತೆ. ನಿಲ್ದಾಣದಲ್ಲಿದ್ದ ಸೊಲ್ಲಾಪುರದ ಗಾಡಿ ಅದನ್ನೇ ಸೀಟಿ ಎಂದು ತಿಳಿದು ಹೊರಟೇಬಿಟ್ಟಿತು.

"ಆ ಮುಂಜಿ ಅಲ್ರೀ ಯಪ್ಪಾ! ಮೆಹಬೂಬನ ಮುಂಜಿ! ಡಾಕ್ಟರು ಕತ್ತರಿ ಹಿಡದು ಮಾಡಿದ್ದು!"

ಗುರುಬಾಯಿಯ ಚಿಮಟಿಗೆಯಿಂದ ಉಳ್ಳಾಗಡ್ಡಿ ಬಿತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ಓಣಿಗೆ ಸುದ್ದಿ ಹಂಚಲು ಓಡಿದಳು. ಶಾಂತಪ್ಪ ರುಮಾಲನ್ನು ತಲೆಗೆ ಸುತ್ತಲೋ ಬೇಡವೋ ಎಂದು ನೋಡುತ್ತ ನಿಂತ. ಬಸಗೊಂಡಪ್ಪ ಮೆಲ್ಲಗೆ ಎದ್ದು, ಧೂಳಪ್ಪನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದ. ಸಂಬಂಧ ಮುರಿಯಿತೆಂದು ಧೂಳಪ್ಪ ಕಣ್ಣು ಮುಚ್ಚಿದ.

"ಖರೇ ಹೇಳು," ಎಂದ ಬಸಗೊಂಡಪ್ಪ ಪಿಸುಮಾತಿನಲ್ಲಿ. "ಭಾಳ ನೋಯ್ತದೇನು?"

"ಏನ್ರಿ?"

"ನನಗೂ ಡಾಕ್ಟರು ಇದನ್ನ ಹೇಳಿ ಮೂರು ವರ್ಷಾತು. ಅಂಜಿ ಕುಂತೇನಿ. ನೀ ಉಳದೀ ಅಂದ್ರ ನಾನೂ ಉಳೀತೀನಿ. ಹುಡುಗಿ ನಿನಗ ಕೊಟ್ಟೆ. ನಾಳಿ ನನ್ನ ಕರಕೊಂಡು ಹೋಗು."

ಧೂಳಪ್ಪ ನೋವು ಮರೆತು ಬಾಗಿ ಕಾಲಿಗೆ ಬಿದ್ದ. ಬಿದ್ದ ಮೇಲೆ ನೋವು ನೆನಪಾಯಿತು. "ಮದುವಿ ಯಾವಾಗ್ರಿ ಮಾವಾರ?"

"ಧಾರಿ ಎರೀಬೇಕಂದ್ರ ನಾ ಚಕ್ಕಳಮಕ್ಕಳ ಹಾಕಿ ಕುಂದರಬೇಕಲ್ಲೋ? ನನಗ ಕುಂದರಾಕ ಬಂದ ದಿನಾನ ಮದುವಿ."

ಒಂದೂವರೆ ತಿಂಗಳಿಗೆ ಧೂಳಪ್ಪ ಕಚ್ಚೆ ಹಾಕಿ ಸೈಕಲ್ ತುಳಿದ. ಮರುದಿನವೇ ತೊಗಲು ತೆಗೆಸಿಕೊಂಡ ಬಸಗೊಂಡಪ್ಪ ಮಾತ್ರ ವರ್ಷ ಕಳೆದರೂ ನಿಂತೇ ಉಂಡ, ನಿಂತೇ ಎಲೆ ಅಡಿಕೆ ಹಾಕಿದ. ಅವನ ಗಾಯ ಎಂದೋ ಮಾಯ್ದಿತ್ತು. ಮಾಳವ್ವ ಹೋದರೆ ಬಿಸಿ ರೊಟ್ಟಿ ಬಡಿಯುವವರು ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಧೂಳಪ್ಪ ಕೇಳಿದಾಗಲೆಲ್ಲ ಬಸ್ಸಿನವರ ಬಾಯಲ್ಲಿ ಒಂದೇ ಉತ್ತರ ಬರುತ್ತಿತ್ತು: "ಇನ್ನಾ ಒಂದು ಎಳಿ ಉಳದೈತಿ ಅಳಿಯಾ."

ನಂಬಿಕೆ ಬರಲಿಲ್ಲವೇ? ಇರಲಿ. ಆದರೆ ಕತೆ ಶುರುವಾದಾಗಿನಿಂದ ಗೋಡೆಗೆ ಒರಗಿ ನಿಂತೇ ಕತೆ ಕೇಳುತ್ತಿದ್ದೀರಲ್ಲ, ನೀವೇ, ಲುಂಗಿಯವರೇ! ಬರ್ರಿ ಇಲ್ಲಿ. ಈ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಒಮ್ಮೆ ಕೂತು ತೋರಿಸಿ ನೋಡೋಣ.