ಪಾಂಡೋರಾಳನ್ನು ಪೆಟ್ಟಿಗೆಯಿಂದ ಹತ್ತು ಅಡಿ ದೂರ ಇರಿಸುವ ಬಗ್ಗೆ

ಜನನ ನೋಂದಣಿ ಶಾಖೆ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)
ಸಂಖ್ಯೆ: ಜನೋಶಾ/ಹೆಸರು/ಗ್ರೀಕ್/1/ತಿದ್ದುಪಡಿ-6

ಸುತ್ತೋಲೆ

ವಿಷಯ: ಮಕ್ಕಳಿಗೆ ಗ್ರೀಕ್ ಪುರಾಣದ ಹೆಸರಿಡುವಾಗ ವಹಿಸಬೇಕಾದ ಮುನ್ನೆಚ್ಚರಿಕೆಗಳು, ಹಾಗೂ ಅವುಗಳಲ್ಲೊಂದನ್ನು ತುರ್ತಾಗಿ ಸಡಿಲಿಸುವ ಬಗ್ಗೆ.

ಉಲ್ಲೇಖ: (ಅ) ಬೀಗ ರಿಪೇರಿ ಅಂಗಡಿಯ ಒಡತಿಯಾದ ತಾಯಿಯೊಬ್ಬರು ಆರು ವರ್ಷಗಳ ಹಿಂದೆ ಸಲ್ಲಿಸಿದ ಅರ್ಜಿ.
(ಆ) ಸದರಿಯವರ ಜ್ಞಾಪನ ಪತ್ರಗಳು, ಒಟ್ಟು ಹತ್ತೊಂಬತ್ತು.
(ಇ) ಮಗುವಿನ ಅಜ್ಜಿ ಕೌಂಟರಿನ ಮುಂದೆ ಆಡಿದ ಮಾತುಗಳು (ದಾಖಲಿಸಲು ಯೋಗ್ಯವಾದಷ್ಟು ಮಾತ್ರ).

ಉಲ್ಲೇಖ (ಅ)ರಲ್ಲಿ ಹೆಣ್ಣು ಮಗುವಿಗೆ ಪಾಂಡೋರಾ ಎಂಬ ಹೆಸರನ್ನು ಕೋರಲಾಗಿತ್ತು. ಹಿರಿಯ ಗುಮಾಸ್ತರು ಗ್ರಂಥಾಲಯದಿಂದ ಪುಸ್ತಕ ತರಿಸಿ ಪರಿಶೀಲಿಸಲಾಗಿ, ಪುರಾಣದ ಪಾಂಡೋರಾ ತೆರೆಯಬಾರದ ಪೆಟ್ಟಿಗೆಯನ್ನು ತೆರೆದು ಜಗತ್ತಿನ ಸಕಲ ರೋಗರುಜಿನ, ಕಷ್ಟಕೋಟಲೆಗಳನ್ನು ಹೊರಬಿಟ್ಟಿರುವುದು ಕಂಡುಬಂತು. ಅಷ್ಟರಲ್ಲಿ ಊಟದ ಗಂಟೆ ಹೊಡೆದ ಕಾರಣ ಮುಂದಿನ ಪುಟ ಓದಲಾಗಲಿಲ್ಲ. ಓದಿದಷ್ಟರ ಆಧಾರದ ಮೇಲೆ ಅರ್ಜಿಯನ್ನು ತಡೆಹಿಡಿದು ಈ ಕೆಳಗಿನ ನಿಯಮಗಳನ್ನು ರೂಪಿಸಲಾಯಿತು.

1. ಪುರಾಣದ ಹೆಸರು ಕೋರುವವರು ಆ ಹೆಸರಿನ ಮೂಲ ವ್ಯಕ್ತಿಯಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. (ಶಾಖೆಯೇ ಗ್ರೀಕ್ ದೇವತೆಗಳ ವಾಸಸ್ಥಾನವಾದ ಒಲಿಂಪಸ್ ಪರ್ವತಕ್ಕೆ ಬರೆದ ಪತ್ರವು 'ಮನೆಯಲ್ಲಿ ಯಾರೂ ಇಲ್ಲ' ಎಂಬ ಷರಾದೊಂದಿಗೆ ಮರಳಿದೆ.)

2. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಬಳಿ ಹಾರಿ ಬಿದ್ದ ಇಕಾರಸ್‌ನ ಹೆಸರಿಡುವವರು ನೆಲಮಹಡಿಯಲ್ಲೇ ವಾಸಿಸತಕ್ಕದ್ದು. ಮಗುವಿನ ಕೈಗೆ ಮೇಣದ ಬಣ್ಣದ ಕಡ್ಡಿ ಕೊಡುವಂತಿಲ್ಲ.

3. ಹಿಮ್ಮಡಿಯ ಹೊರತು ಮೈಯೆಲ್ಲ ಅಭೇದ್ಯವಾಗಿದ್ದ ಅಕಿಲಿಸ್‌ನ ಹೆಸರಿನ ಮಕ್ಕಳಿಗೆ ಲಸಿಕೆಯನ್ನು ಹಿಮ್ಮಡಿಗೇ ಚುಚ್ಚತಕ್ಕದ್ದು. ಬೇರೆಡೆ ಸೂಜಿ ಮುರಿದಲ್ಲಿ ಶಾಖೆ ಹೊಣೆಯಲ್ಲ.

4. ಯುದ್ಧ ಮುಗಿಸಿ ಮನೆ ಸೇರಲು ಹತ್ತು ವರ್ಷ ಹಿಡಿದ ಒಡಿಸ್ಯೂಸ್‌ನ ಹೆಸರಿನ ಮಗು ಶಾಲೆಯಿಂದ ತಡವಾಗಿ ಬಂದಲ್ಲಿ, ಪೋಷಕರು ಒಂಬತ್ತು ವರ್ಷ ಹನ್ನೊಂದು ತಿಂಗಳವರೆಗೆ ದೂರು ಕೊಡುವಂತಿಲ್ಲ.

5. ಬಂಡೆಯನ್ನು ಗುಡ್ಡದ ಮೇಲಕ್ಕೆ ಉರುಳಿಸಿ, ಅದು ಕೆಳಗಿಳಿದಾಗಲೆಲ್ಲ ಮತ್ತೆ ಉರುಳಿಸುವ ಸಿಸಿಫಸ್‌ನ ಹೆಸರಿಗೆ ಆಕ್ಷೇಪಣೆಯಿಲ್ಲ. ಸದರಿಯವರ ಕಾರ್ಯವೈಖರಿ ಶಾಖೆಗೆ ಚಿರಪರಿಚಿತ.

6. ಪಾಂಡೋರಾ ಎಂಬ ಹೆಸರು ಕೋರಲಾದ ಮಗು ಯಾವುದೇ ಮುಚ್ಚಿದ ಪೆಟ್ಟಿಗೆಯಿಂದ ಹತ್ತು ಅಡಿ ದೂರವಿರತಕ್ಕದ್ದು. ಬೆಂಕಿಪೊಟ್ಟಣವೂ ಪೆಟ್ಟಿಗೆಯೇ. ಸದರಿ ಮಗು ತಾಯಿಯ ಅಂಗಡಿಯಲ್ಲೇ ಬೆಳೆದು ನಾಲ್ಕನೇ ವಯಸ್ಸಿಗೇ ಸೇಫ್ಟಿ ಪಿನ್ನಿನಿಂದ ಬೀಗ ತೆಗೆದಿರುವುದಾಗಿ ತರುವಾಯ ವರದಿಯಾಗಿದ್ದು, ಹಿರಿಯ ಗುಮಾಸ್ತರು ಈ ನಿಯಮದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿರುತ್ತಾರೆ.

ಹೀಗಿರುವಲ್ಲಿ, ಕಳೆದ ಶುಕ್ರವಾರ ಊಟದ ಗಂಟೆ ಹೊಡೆದಾಗ ಹಿರಿಯ ಗುಮಾಸ್ತರು ಜನನ ರಿಜಿಸ್ಟರು, ಶಾಖೆಯ ಮೊಹರು ಹಾಗೂ ಇರುವ ಒಂದೇ ಬೀಗದ ಕೈಯನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟು, ಒತ್ತಿದರೆ ತಾನೇ ಬೀಳುವ ಬೀಗವನ್ನು ಒತ್ತಿರುತ್ತಾರೆ. ಊರಿನಲ್ಲಿ ಬೀಗ ರಿಪೇರಿ ಬಲ್ಲವರು ಒಬ್ಬರೇ ಆಗಿದ್ದು, ಅವರು ಉಲ್ಲೇಖ (ಅ)ರ ಅರ್ಜಿದಾರರೇ ಆಗಿರುತ್ತಾರೆ.

ಸದರಿಯವರು ಇಂದು ಮಗಳನ್ನೂ ಅತ್ತೆಯವರನ್ನೂ ಕರೆದುಕೊಂಡು ಹಾಜರಾಗಿ, ಬೀಗವನ್ನು ತಿರುಗಿಸಿ ನೋಡಿ ಕೈಬಿಟ್ಟು, "ನನ್ ಬೆರಳು ದಪ್ಪ ಸಾರ್. ಈ ಸಂದಿಗೆ ಅವಳ ಬೆರಳೇ ಆಗ್ಬೇಕು. ಆದ್ರೆ ಅವಳು ಹತ್ತಡಿ ದೂರ ನಿಲ್ಬೇಕಂತಲ್ಲ ನಿಮ್ಮ ರೂಲು?" ಎಂದು ವಿಚಾರಿಸಿರುತ್ತಾರೆ. ಶಾಲಾ ದಾಖಲಾತಿಗೆ ನಾಳೆಯೇ ಕಡೆಯ ದಿನವಾಗಿದ್ದು, ಲಸಿಕೆ ಕಾರ್ಡಿನಿಂದ ಹಿಡಿದು ಎಲ್ಲೆಡೆ ಈಕೆಯ ಹೆಸರಿನ ಜಾಗದಲ್ಲಿ 'ಹೆಣ್ಣು ಮಗು' ಎಂದಿರುತ್ತದೆ. ಅಜ್ಜಿಯವರ ಹೇಳಿಕೆ: "ಮನೇಲಿ ಪುಟ್ಟಿ ಅಂತೀವಿ, ಸರಿ. ಶಾಲೇಲಿ ಹಾಜರಿ ಕೂಗುವಾಗ ಹೆಣ್ಣು ಮಗು ಅಂದ್ರೆ ಇವಳೇ ಎದ್ದು ನಿಲ್ಬೇಕಾ? ಹೆಸರು ಬರೀತೀವಿ ಅನ್ನಿ, ಬೀಗ ಮುಟ್ತಾಳೆ. ಇಲ್ಲಾಂದ್ರೆ ನಾವು ಹೊರಟ್ವಿ."

ಆದ್ದರಿಂದ ಈ ಮೂಲಕ ಆದೇಶಿಸುವುದೇನೆಂದರೆ:

7. ನಿಯಮ 6ರ ಹತ್ತು ಅಡಿಯನ್ನು ಸೊನ್ನೆ ಅಡಿಗೆ ಇಳಿಸಲಾಗಿದೆ.

8. ಪೆಟ್ಟಿಗೆ ತೆರೆಯುವ ವೇಳೆ ಸಿಬ್ಬಂದಿ ಮೂಗಿಗೆ ಕರವಸ್ತ್ರ ಹಿಡಿದು ಗೋಡೆಯತ್ತ ತಿರುಗಿ ನಿಲ್ಲತಕ್ಕದ್ದು.

9. ಹಿರಿಯ ಗುಮಾಸ್ತರು ಇಂದು ಊಟ ಬಿಟ್ಟು ಮುಂದಿನ ಪುಟ ಓದಿರುತ್ತಾರೆ. ಎಲ್ಲವೂ ಹಾರಿಹೋದ ಮೇಲೆ ಪೆಟ್ಟಿಗೆಯ ತಳದಲ್ಲಿ ಒಂದು ಉಳಿದಿತ್ತು, ಅದು ಭರವಸೆ ಎಂದು ಅಲ್ಲಿದೆ. ಇದನ್ನು ಆರು ವರ್ಷ ತಡವಾಗಿ ಓದಿದ್ದಕ್ಕೆ ಶಾಖೆಗೆ ನಾಚಿಕೆಯಾಗಿದೆ. 'ವಿಷಾದಿಸಲಾಗಿದೆ' ಎಂಬ ಪದ ಇಲ್ಲಿ ಸಾಲದಾದ್ದರಿಂದ ಬಳಸಿಲ್ಲ.

10. ಶಾಖೆಯ ಮೊಹರು ಪೆಟ್ಟಿಗೆಯೊಳಗೇ ಇರುವುದರಿಂದ, ಈ ಸುತ್ತೋಲೆಯ ಮೇಲೆ ಮೊಹರು ಕಂಡಲ್ಲಿ ಪೆಟ್ಟಿಗೆ ತೆರೆದಿದೆಯೆಂದೇ ತಿಳಿಯತಕ್ಕದ್ದು.

ಸಹಿ/-
ಶಾಖಾಧಿಕಾರಿ
(ಮೊಹರು ಬಿದ್ದಿದೆ)

ಷರಾ: ಪೆಟ್ಟಿಗೆಯಿಂದ ಒಂದು ಜಿರಳೆ ಹೊರಬಂದಿದೆ. ರೋಗ ಯಾವುದೂ ಇಲ್ಲ. ತಳದಲ್ಲಿ ಉಲ್ಲೇಖ (ಅ)ರ ಅರ್ಜಿ ದೊರೆತಿದೆ.

ಪ್ರತಿಗಳು:
- ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ, ಹಾಜರಿ ಪುಸ್ತಕದಲ್ಲಿ ಪಾಂಡೋರಾ ಎಂದು ಬರೆದುಕೊಳ್ಳುವ ಸಲುವಾಗಿ.
- ಊಟದ ಗಂಟೆ ಹೊಡೆಯುವ ಜವಾನರಿಗೆ, ಇನ್ನು ಮುಂದೆ ಗುಮಾಸ್ತರು ಪುಟ ಮುಗಿಸಿದ್ದಾರೆಯೇ ಎಂದು ಕೇಳಿ ಹೊಡೆಯಲು.
- ಒಲಿಂಪಸ್ ಪರ್ವತಕ್ಕೆ, ಯಾರಾದರೂ ಮನೆಗೆ ಮರಳಿದ್ದಲ್ಲಿ ಮಾಹಿತಿಗಾಗಿ.
- ಕಚೇರಿ ಪ್ರತಿ, ಪೆಟ್ಟಿಗೆಯ ಹೊರಗಿಡಲು.
- ಕುಮಾರಿ ಪಾಂಡೋರಾ, ಬೀಗ ರಿಪೇರಿ ಅಂಗಡಿ. ಈ ಹೆಸರಿಗೆ ಬರೆದ ಮೊದಲ ಪತ್ರ ಇದಾಗಿದ್ದು, ಲಕೋಟೆಯನ್ನು ಅವರೇ ತೆರೆಯತಕ್ಕದ್ದು.