ಎಮ್ಮೆಯ ಸೆಲೆನಿಯಂ, ಕಾಕಾನ ಹೊಟ್ಟೆ

ದನದ ದವಾಖಾನೆಯ ಕಾಂಪೌಂಡರ್ ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಬಾಗಿಲಿಗೆ ನಡೆದು ಬರುತ್ತದೆ, ಕೆಲವೊಮ್ಮೆ ನಾಲ್ಕು ಕಾಲಿನ ಮೇಲೆ, ಹೆಚ್ಚಾಗಿ ಎರಡು ಕಾಲಿನ ಮೇಲೆ. ಎಂಬತ್ತರ ದಶಕದಲ್ಲಿ ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ನಾನು ಕಾಂಪೌಂಡರ್ ಆಗಿದ್ದಾಗ ನಡೆದದ್ದಿದು. ಇದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದದ್ದು ಅದಕ್ಕಿಂತ ಖರೆ.

೧. ಕಂಬಾರನ ಕುಡುಗೋಲು

ಹೊಸ ಡಾಕ್ಟರು ಕೆಚ್ಚಲು ಬಾವು ರೋಗಕ್ಕೆ ಮಾಮೂಲಿ ಔಷಧದ ಜೊತೆ ಸೆಲೆನಿಯಂ ಪುಡಿಯನ್ನೂ ಕೊಡತೊಡಗಿದರು. ಬಾವು ಬಂದಾಗ ಮೈ ರೋಗದ ಜೊತೆ ಹೊಡೆದಾಡುತ್ತದೆ, ಆ ಹೊಡೆದಾಟದ ಕಿಡಿ ಹಾರಿ ತನ್ನ ಮಾಂಸವನ್ನೇ ಸುಡುತ್ತದೆ, ಈ ಪುಡಿ ಆ ಕಿಡಿ ಆರಿಸಲು ನೆರವಾಗುತ್ತದೆ ಎಂದು ರೈತರಿಗೆ ವಿವರಿಸಿದರು. ಒಬ್ಬರೂ ತಲೆ ಆಡಿಸಲಿಲ್ಲ. ನಾನು ನಡುವೆ ಬಾಯಿ ಹಾಕಿದೆ.

"ಕಬ್ಬಿಣಕ್ಕ ಜಂಗು ಹಿಡೀತದಲ್ರಿ, ಮೈಯಾಗೂ ಹಂಗ. ಇದು ಜಂಗು ತಡೀತದ."

ಎಲ್ಲರ ತಲೆಗಳೂ ಆಡಿದವು. ಮರುದಿನ ಮುಂಜಾನೆ ಊರ ಕಂಬಾರ ನಾಲ್ಕು ಕುಡುಗೋಲು ಹಿಡಿದುಕೊಂಡು ಬಂದು, ಇವಕ್ಕೂ ಒಂದೊಂದು ಚಿಟಿಕೆ ಹಾಕ್ರಿ ಅಂದ. ಡಾಕ್ಟರು ನನ್ನ ಕಡೆ ತಿರುಗಿ ನೋಡುವಷ್ಟರಲ್ಲಿ ನಾನು ಆಗಲೇ ತೊಳೆದಿಟ್ಟಿದ್ದ ಸಿರಿಂಜುಗಳನ್ನು ಮತ್ತೊಮ್ಮೆ ತೊಳೆಯುತ್ತಿದ್ದೆ.

೨. ಮೊದಲನೇ ರೊಟ್ಟಿ

ಅದೇ ವಾರ ನಮ್ಮ ಓಣಿಯ ಕಾಕಾನ ಎಮ್ಮೆಗೆ ಕೆಚ್ಚಲು ಬಾವು ಬಂತು. ಮನೆಯಲ್ಲಿ ಬಾಣಂತಿ ಮಗಳಿದ್ದಳು, ಹಾಲಿಗೆ ಇದೊಂದೇ ಎಮ್ಮೆ. ಒಮ್ಮೆ ಮೊಲೆ ಸತ್ತರೆ ಮತ್ತೆ ಹಾಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಕಾಕಿಯ ಮುಖ ಸಣ್ಣದಾಯಿತು. ಆ ಮನೆಯಲ್ಲಿ ಹಂಚಿನ ಮೊದಲನೇ ರೊಟ್ಟಿ ಯಾವತ್ತೂ ಎಮ್ಮೆಗೆ. ಅದರ ಹಿಟ್ಟಿನಲ್ಲೇ ಪುಡಿ ನಾದಿ, ರೊಟ್ಟಿ ಬಡಿದು, ಕಾಕಾನ ಕೈಯಲ್ಲಿ ಕೊಟ್ಟಿಗೆಗೆ ಕಳಿಸತೊಡಗಿದಳು.

ಐದು ದಿನವಾದರೂ ಕೆಚ್ಚಲು ಕಲ್ಲಿನ ಹಾಗೆಯೇ ಇತ್ತು. ಆದರೆ ಎರಡು ವರ್ಷದಿಂದ ಮೊಣಕಾಲು ಬಾತು ಕೂತಿದ್ದ ಕಾಕಾ ಕೋಲಿಲ್ಲದೆ ಗುಡಗೇರಿ ಸಂತೆಗೆ ಹೋಗಿ ಬಂದ. ನನಗೆ ಸಂಶಯ ಬಂದು ಬಾಜೂಕ ಕರೆದು ಕೇಳಿದೆ.

"ಏನ್ ಮಾಡ್ಲೋ ತಮ್ಮಾ," ಅಂದ ಕಾಕಾ ಮೆಲ್ಲಗೆ. "ರೊಟ್ಟಿ ಬಿಸಿ ಇತ್ತು, ಕೊಟ್ಟಿಗಿ ದೂರ ಇತ್ತು."

೩. ರಜಿಸ್ಟರ್

ನಾನು ಹೇಳಿದ್ದನ್ನು ಕೇಳಿ ಡಾಕ್ಟರು ಗಾಬರಿಯಾದರು. ಈ ಪುಡಿ ಅಳತೆ ಮೀರಿದರೆ ವಿಷವಂತೆ. ತಕ್ಷಣ ಕಾಕಾನನ್ನು ಬಸ್ಸು ಹತ್ತಿಸಿ ಮನುಷ್ಯರ ಡಾಕ್ಟರ ಹತ್ತಿರ ಕಳಿಸಿದರು. ಅವರು ತಪಾಸಣೆ ಮಾಡಿ, ಸದ್ಯಕ್ಕೆ ಏನೂ ಆಗಿಲ್ಲ, ಇನ್ನು ಮೇಲೆ ಎಮ್ಮೆಯ ಊಟಕ್ಕೆ ಕೈ ಹಾಕಬೇಡ ಎಂದು ಬೈದು ವಾಪಸ್ ಕಳಿಸಿದರು. ಪುಡಿಯಿಂದ ಮೊಣಕಾಲು ಇಳಿಯಿತು ಎಂಬುದನ್ನು ನಮ್ಮ ಡಾಕ್ಟರು ಇವತ್ತಿಗೂ ಒಪ್ಪಿಲ್ಲ.

ರಜಿಸ್ಟರಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆ ಅಂದರು. ನಾನು ಬರೆದೆ: "ಎಮ್ಮೆ. ಗಂಡು. ವಯಸ್ಸು ಅರವತ್ತು. ಔಷಧ ಪೂರ್ತಿ ತಿಂದಿದೆ. ಕೆಚ್ಚಲು ಕಂಡುಬಂದಿಲ್ಲ."

ತಿಂಗಳ ಕೊನೆಗೆ ಮೇಲಿನ ಸಾಹೇಬರು ಬಂದು ಅದರ ಕೆಳಗೆ ಸಹಿ ಹಾಕಿ ಹೋದರು.

೪. ಮೀಸೆ

ಕಾಕಾ ಪಾರಾದನಲ್ಲ ಎಂದು ನನ್ನ ನಾಲಿಗೆ ತುರಿಸಿತು. "ಕಾಕಾ, ಈ ಪುಡಿ ಹೆಚ್ಚಾದ್ರ ದನಕ್ಕ ಬಾಲದ ಕೂದಲಾ ಉದುರ್ತಾವು. ನಿಮಗ ಬಾಲ ಇಲ್ಲ," ಎಂದು ಅವನ ಮೀಸೆಯನ್ನೇ ದಿಟ್ಟಿಸಿದೆ.

ಎರಡೂ ಕಿವಿ ಮುಟ್ಟುವಂಥ ಮೀಸೆ ಅದು. ಅಂದಿನಿಂದ ಕಾಕಾ ಅಂಗೈಯಿಂದ ಮೀಸೆ ಒತ್ತಿ ಹಿಡಿದುಕೊಂಡೇ ತಿರುಗಾಡಿದ. ಇತ್ತ ಕಾಕಿ ಹೊಸ ಪುಡಿಯ ರೊಟ್ಟಿಯನ್ನು ತಾನೇ ಒಯ್ದು, ಎಮ್ಮೆ ನುಂಗುವವರೆಗೂ ಕದಲದೆ ನಿಂತಳು. ಎಂಟನೇ ದಿನ ಕೆಚ್ಚಲು ಮೆತ್ತಗಾಗಿ, ನಾಲ್ಕೂ ಮೊಲೆಯಿಂದ ಸ್ವಚ್ಛ ಹಾಲು ಬಂತು. ಕೆಚ್ಚಲು ನೋಡಲು ಬಂದಿದ್ದ ಡಾಕ್ಟರು ಅಲ್ಲೇ ಕಾಕಾನಿಗೂ ಇನ್ನು ಅಂಜಿಕೆ ಇಲ್ಲ ಎಂದರು. ಕಾಕಾ ಕೈ ತೆಗೆದವನೇ ಎಂಟು ದಿನ ತಡೆದಿದ್ದ ಮಾತನ್ನೆಲ್ಲ ಒಮ್ಮೆಲೇ ಶುರು ಹಚ್ಚಿಕೊಂಡ. ಹಿಂಡಿ, ಎಮ್ಮೆ, ಅಳಿಯ, ಸೊಪ್ಪಿನ ಪಲ್ಯ, ಯಾವುದನ್ನೂ ಬಿಡಲಿಲ್ಲ.

ಕಾಕಿ ಸ್ವಲ್ಪ ಹೊತ್ತು ಕೇಳಿಸಿಕೊಂಡು ಡಾಕ್ಟರ ಕಡೆ ತಿರುಗಿದಳು.

"ಸಾಹೇಬ್ರ, ಇನ್ನೊಂದ್ ಪುಡಿ ಕೊಡ್ರಿ. ಎಮ್ಮಿಗಲ್ರಿ. ಇವರು ಮೀಸಿ ಮ್ಯಾಲ ಕೈ ಇಟ್ಟಷ್ಟು ದಿನಾ ಬಾಯಿನೂ ಮುಚ್ಚಿತ್ತು. ಮನಿ ಅಗದಿ ಥಣ್ಣಗ ಇತ್ರಿ."